ಸೂರಿನ ದೋಣಿಗೊಂದು ಹಲ್ಲಿನ ಸೆಟ್ಟು

ಅಜ್ಜಿ ನನ್ನ ಡೈರಿಗೆ ತಾನೇ ಹೇಳಿ ಬರೆಸಲು ಶುರುಮಾಡಿದ ದಿನ, ದೋಣಿ ರಿಪೇರಿಯಾಗದೆ ನನಗಿನ್ನು ಉಳಿಗಾಲವಿಲ್ಲ ಎಂದು ಖಾತ್ರಿಯಾಯಿತು.

ದೋಣಿ ಎಂದರೆ ಮಾಡಿನ ಅಂಚಿಗೆ ಉದ್ದಕ್ಕೂ ಕೂರಿಸಿದ ತಗಡಿನ ದೋಣಿ. ಮೇಲಿನಿಂದ ಇಳಿಯುವ ಮಳೆನೀರನ್ನು ಹಿಡಿದು ಮೂಲೆಯ ಕೊಳವೆಗೆ ದಾಟಿಸುವುದು ಅದರ ಕೆಲಸ. ನಮ್ಮ ಮನೆಯ ದೋಣಿ ಇಷ್ಟು ವರ್ಷ ಆ ಕೆಲಸವನ್ನು ನಿಯತ್ತಾಗಿ ಮಾಡಿ, ಈಗ ಸರಿಯಾಗಿ ನನ್ನ ಕೋಣೆಯ ಕಿಟಕಿಯ ನೆತ್ತಿಯ ಮೇಲೆ ಮೊಳದುದ್ದ ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ನೀರೆಲ್ಲ ಅಲ್ಲೇ ಸುರಿದು ಚೌಕಟ್ಟು ಉಬ್ಬಿತು, ಕಿಟಕಿ ಮುಚ್ಚದಾಯಿತು, ಗೋಡೆ ಹಸಿರಾಯಿತು. ಕೊನೆಗೆ ನನ್ನನ್ನೂ ನನ್ನ ಪುಸ್ತಕಗಳನ್ನೂ ಅಜ್ಜಿಯ ಕೋಣೆಗೆ ಸಾಗಿಸಿದರು. ಗೋಡೆ ಒಣಗುವವರೆಗೆ ಮಾತ್ರ ಎಂದರು. ಗೋಡೆ ಒಣಗಬೇಕಾದರೆ ದೋಣಿ ಸರಿಯಾಗಬೇಕು. ದೋಣಿ ಸರಿಯಾಗಬೇಕಾದರೆ ಅಪ್ಪ ಅಮ್ಮ ಒಂದು ಮಾತಿಗೆ ಬರಬೇಕು. ಅಂದರೆ ನಾನು ಅಜ್ಜಿಯ ಕೋಣೆಯಲ್ಲೇ ಇನ್ನೊಬ್ಬ ಅಜ್ಜಿಯಾಗುವುದೆಂದು ಲೆಕ್ಕ.

ಅಜ್ಜಿ ಕೆಟ್ಟವಳಲ್ಲ. ಆದರೆ ನಾನು ಡಿಗ್ರಿ ಮುಗಿಸಿದ ಮೇಲೂ ಫೋನು ಬಡಿದುಕೊಂಡರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವವಳು. ನನ್ನ ಮಾತೆಲ್ಲ ಡೈರಿಯ ಜೊತೆ, ಅದೂ ಬಾಗಿಲು ಮುಚ್ಚಿದ ಮೇಲೆ. ಇಲ್ಲಿ ನೋಡಿದರೆ ಪಕ್ಕದ ಮಂಚದಿಂದ ಅಜ್ಜಿಯ ಕತ್ತು ಚಾಚಿಕೊಂಡೇ ಇರುತ್ತಿತ್ತು. ಬರೆಯುವುದೇ ಆದರೆ ನಾಲ್ಕು ಜನಕ್ಕೆ ಉಪಯೋಗವಾಗುವುದನ್ನು ಬರಿ ಎಂದು ತನ್ನ ಮೊಣಕಾಲಿನ ಸಮಾಚಾರ ತೆಗೆದಳು.

"ಬರ್ಕೋ ಮರಿ. ಎಡಗಾಲು ಪರವಾಗಿಲ್ಲ. ಬಲಗಾಲು ಹೇಳಿದ ಮಾತು ಕೇಳಲ್ಲ. ನಿಮ್ಮಮ್ಮನೂ ಅಷ್ಟೆ."

ನೋಡನೋಡುತ್ತಿದ್ದಂತೆ ನನ್ನ ಅಂತರಂಗವೆಲ್ಲ ಅಜ್ಜಿಯ ಮೊಣಕಾಲಿನ ಚರಿತ್ರೆಯಾಗಿ ಹೋಯಿತು.

ತಗಡು ಕೆಲಸದವನು ಬಂದು ನೋಡಿ ಹೋಗಿದ್ದ. ತೂತಿಗೆ ತೇಪೆ ಹಾಕಬಹುದು, ಕೆಟ್ಟಷ್ಟನ್ನು ಕತ್ತರಿಸಿ ಬೇರೆ ತುಂಡು ಸೇರಿಸಬಹುದು, ಇಲ್ಲವೇ ಇಡೀ ದೋಣಿಯನ್ನೇ ಬದಲಿಸಬಹುದು. ಮನೆಯವರು ಹೇಗೆ ಹೇಳಿದರೆ ಹಾಗೆ ಎಂದ. ತುಂಬ ಒಳ್ಳೆಯ ಮನುಷ್ಯ. ಅವನ ಒಳ್ಳೆಯತನದಿಂದ ಕವಡೆಯಷ್ಟೂ ಪ್ರಯೋಜನವಾಗಲಿಲ್ಲ. ಅಪ್ಪ ಏನೆಂದರೂ "ಹೌದಣ್ಣ" ಎನ್ನುವನು, ಅಮ್ಮ ಏನೆಂದರೂ "ಅದೂ ಸರಿ ಅಕ್ಕ" ಎನ್ನುವನು.

ಅಪ್ಪ ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರುಗಳು ಕಳಿಸಿದ ಅಚ್ಚುಗಳನ್ನು ಹಿಂದಿನ ಕೋಣೆಯಲ್ಲಿ ಹರಡಿಕೊಂಡು, ಕಂಡರಿಯದವರ ಬಾಯಿಗೆ ನಗು ಕೂರಿಸುವ ಕೆಲಸ. ಹಾಗಾಗಿ ಲೋಕದಲ್ಲಿ ಕೆಟ್ಟದ್ದನ್ನೆಲ್ಲ ಅವನು ಬಾಯಿಯೆಂದೇ ತಿಳಿಯುತ್ತಾನೆ. ಏಣಿ ಹತ್ತಿ, ದೋಣಿಯೊಳಗೆ ಪುಟ್ಟ ಕನ್ನಡಿ ಹಿಡಿದು ನೋಡಿ, ಬುಡವೆಲ್ಲ ಗಟ್ಟಿಯಾಗಿದೆ, ಕೀಳಿಸುವ ಅಗತ್ಯವೇ ಇಲ್ಲ ಎಂದು ತೀರ್ಪು ಕೊಟ್ಟ. ಅಮ್ಮ ಟೈಲರ್. ಹರಿದದ್ದನ್ನು ಹೊರಗಿನವರಿಗೆ ಕೊಡುವುದೆಂದರೆ ಅವಳಿಗೆ ಮರ್ಯಾದೆ ಹೋದ ಹಾಗೆ. ಟಾರ್ಪಾಲಿನ್ನಿನಲ್ಲಿ ರವಿಕೆಯದರಂಥ ಒಂದು ತೋಳು ಹೊಲಿದು ದೋಣಿಗೆ ಏರಿಸಿಬಿಟ್ಟರೆ ಮುಗಿಯಿತಲ್ಲ ಎಂಬುದು ಅವಳ ವಾದ.

ಇಬ್ಬರೂ ಹಟಕ್ಕೆ ಬಿದ್ದು ಕೆಲಸ ಹಿಡಿದರು. ಅಪ್ಪ ಬಾಯಿಯ ಅಚ್ಚು ತೆಗೆಯುವ ಹಿಟ್ಟನ್ನು ಬಕೆಟ್ಟಿನಲ್ಲಿ ಕಲಸಿ, ದೋಣಿಯ ಬಾಯಿಗೆ ಮೆತ್ತಿ ಅಳತೆ ತೆಗೆದ. ಆ ಹಿಟ್ಟಿನ ವಾಸನೆಗೆ ಇಡೀ ಮನೆ ಪುದೀನ ಪುದೀನ ಎನ್ನತೊಡಗಿತು. ಆ ಅಚ್ಚಿನ ಮೇಲೆ ಅವನು ಎರಕ ಹೊಯ್ದದ್ದು ವಸಡಿನ ಬಣ್ಣದ, ನಯವಾದ, ಎರಡೂ ತುದಿಗೆ ತಂತಿಯ ಕೊಕ್ಕೆಗಳಿದ್ದ ಒಂದು ತುಂಡು ದೋಣಿ. ಹಲ್ಲೊಂದು ಇರಲಿಲ್ಲ ಅಷ್ಟೆ. ಅಮ್ಮನ ತೋಳಿಗೆ ಎರಡು ಕಡೆ ಎಲಾಸ್ಟಿಕ್ಕು, ಮಧ್ಯೆ ಡಬಲ್ ಹೊಲಿಗೆ.

"ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದೀನಿ. ಮುಂದೆ ಬಿಗಿಯಾದ್ರೆ ಬಿಚ್ಕೋಬಹುದು," ಎಂದಳು.

"ದೋಣಿ ದಪ್ಪ ಆಗುತ್ತೇನೆ?" ಎಂದ ಅಪ್ಪ.

"ನೀವಾಗ್ಲಿಲ್ವಾ?"

ರಜೆಯ ದಿನ ಬೆಳಿಗ್ಗೆ ಪರೀಕ್ಷೆ. ಅಪ್ಪ ಪೈಪು ಹಿಡಿದು ಏಣಿಯ ಮೇಲೆ, ಅಮ್ಮ ಏಣಿ ಹಿಡಿದು ಕೆಳಗೆ, ಅಜ್ಜಿ ಕೊಡೆ ಬಿಚ್ಚಿಕೊಂಡು ಕುರ್ಚಿಯಲ್ಲಿ. ಮಧ್ಯಸ್ಥಿಕೆಗೆ ತಗಡು ಕೆಲಸದವನನ್ನೂ ಕರೆಸಿದ್ದರು. ನನ್ನನ್ನು ನನ್ನ ಕೋಣೆಯೊಳಗೆ, ಮುಚ್ಚದ ಆ ಕಿಟಕಿಯ ಹತ್ತಿರ ನಿಲ್ಲಿಸಿದರು. ನೀರು ಒಳಗೆ ಬಂದರೆ ನಾನು ಕೂಗಬೇಕು. ಕೂಗುವ ಕೆಲಸಕ್ಕೆ ಇಡೀ ಮನೆಯಲ್ಲಿ ಅವರಿಗೆ ಸಿಕ್ಕವಳು ನಾನು.

ಮೊದಲು ಅಪ್ಪನ ತುಂಡು. ಟಕ್ಕೆಂದು ಕೂತಿತು. ಅಪ್ಪ ಅಭ್ಯಾಸಬಲದಿಂದ, "ಒಂದ್ಸಲ ಕಚ್ಚಿ ನೋಡಿ" ಎಂದ. ತನಗೆ ಹಾಕಿದ ಸೆಟ್ಟೇ ಅಲ್ಲಾಡುತ್ತದೆ, ಇನ್ನು ದೋಣಿಯ ಪಾಡೇನೋ ಎಂದು ಅಜ್ಜಿ ಕೊಡೆಯೊಳಗಿಂದ ಹೇಳಿದಳು. ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ಕೊಕ್ಕೆಯ ಹಿಂದಿನಿಂದ ಸಣ್ಣಗೆ ಧಾರೆಯೊಂದು ಗೋಡೆ ಹಿಡಿದು ಇಳಿದು, ಕಿಟಕಿ ದಾಟಿ, ನನ್ನ ಕಾಲ ಬೆರಳಿಗೆ ಬಂದು ಮುಟ್ಟಿತು.

"ಬಂತು," ಎಂದೆ.

ಪೈಪಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು, "ನೀರು ಬಂತು," ಎಂದೆ. ಹೊರಗೆ ಅಪ್ಪ ಗೆದ್ದವನಂತೆ ನಗುತ್ತಿದ್ದ. ಒಂದು ಹನಿ ಒಳಗೆ ಹೋಗಿದ್ದರೂ ಹುಡುಗಿ ಕೂಗುತ್ತಿರಲಿಲ್ಲವೇ ಎಂದು ಎಲ್ಲರನ್ನೂ ಕೇಳಿದ. ತಗಡು ಕೆಲಸದವನು ಹೌದಣ್ಣ ಎಂದ. ಇದನ್ನು ರಾತ್ರಿ ತೆಗೆದಿಡಬೇಕೇ ಎಂದು ಅಜ್ಜಿ ವಿಚಾರಿಸಿದಳು. ಬಿಚ್ಚಿ, ಬ್ರಶ್ ಮಾಡಿ, ನೀರಿನಲ್ಲಿ ಹಾಕಿಡಬೇಕು ಎಂದು ಹೇಳುತ್ತಾ ಹೇಳುತ್ತಾ ಅಪ್ಪನ ದನಿ ಇಳಿದು ನಿಂತುಹೋಯಿತು.

ಆಮೇಲೆ ಅಮ್ಮನ ತೋಳು. ಅದು ನೀರು ಕುಡಿಯುತ್ತಾ ಕುಡಿಯುತ್ತಾ ತುಂಬಿದ ಬಸುರಿಯಂತೆ ಊದಿ, ಜೋತು, ನನ್ನ ಕಿಟಕಿಯ ಮುಂದೆ ಬಂದು ನಿಂತಿತು. ಹೊಲಿಗೆ ಇದ್ದದ್ದು ಗೋಡೆಯ ಕಡೆಗೆ. ಅದು ಸಣ್ಣಗೆ ಬಾಯಿ ತೆರೆದು, ಒಂದು ತೊಟ್ಟೂ ಹೊರಗೆ ಪೋಲಾಗದಂತೆ, ಇದ್ದಬದ್ದ ನೀರನ್ನೆಲ್ಲ ನೇರ ಕೋಣೆಯೊಳಕ್ಕೆ ಸುರಿಯಿತು. ಇನ್ನೇನು ನಾನು ವಾಪಸು ಬರುವವಳೆಂದು ಅಮ್ಮ ಹಿಂದಿನ ದಿನ ತಂದು ಹಾಸಿದ್ದ ಹಾಸಿಗೆ, ದಿಂಬು, ಎಲ್ಲ ತೊಯ್ದು ತೊಪ್ಪೆಯಾಯಿತು. ನಾನು ಎರಡೂ ಕೈ ಬಾಯಿಗೆ ಹಿಡಿದು ಉಸಿರು ಎಳೆದುಕೊಂಡೆ. ಹೊರಬಂದದ್ದು ಒಂದು ಕೆಮ್ಮು.

ಹೊರಗೆ ನಲ್ಲಿ ನಿಲ್ಲಿಸಿ ತೀರ್ಮಾನ ಶುರುವಾಗಿತ್ತು. ಎರಡೂ ಪಾಸು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅಪ್ಪ ಅಮ್ಮ ಒಂದು ಮಾತಿಗೆ ಬಂದಿದ್ದರು: ಒಳಗೆ ಅವನ ತುಂಡು, ಅದರ ಮೇಲೆ ಇವಳ ತೋಳು. ತಗಡು ಕೆಲಸದವನು ಬಹಳ ಚೆನ್ನಾಗಿದೆ ಎನ್ನುತ್ತಾ ತನ್ನ ಸಾಮಾನನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. ಅವನು ಗೇಟು ದಾಟಿದರೆ ಮುಗಿಯಿತು. ನಾನು, ಅಜ್ಜಿ, ಬಲಗಾಲು.

ಒದ್ದೆ ದಿಂಬನ್ನು ಎದೆಗವುಚಿಕೊಂಡು ಹೊರಗೆ ಬಂದೆ. ನೀರು ಮೊಣಕೈಯಿಂದ ಇಳಿಯುತ್ತಿತ್ತು. ಎಲ್ಲರೂ ದಿಂಬನ್ನು ನೋಡಿದರು.

"ಎರಡೂ ಸೋರಿದ್ವು," ಎಂದೆ. "ನಾನು ಕೂಗಿದೆ, ನಿಮಗೆ ಕೇಳಿಸ್ಲಿಲ್ಲ. ಅದನ್ನ ಕಿತ್ತು ಪೂರ್ತಿ ಹೊಸದು ಹಾಕ್ಸಿ. ನಂಗೆ ನನ್ನ ರೂಮು ಬೇಕು."

ದನಿ ಎಂದಿನಷ್ಟೇ ಇತ್ತು. ಪೈಪು ನಿಂತಿದ್ದರಿಂದ ಕೇಳಿಸಿತು. ಅಪ್ಪ ಏಣಿಯಿಂದ ಒಂದು ಮೆಟ್ಟಿಲು ಇಳಿದು ಅಲ್ಲೇ ನಿಂತ. ಮೊದಲು ಬಾಯಿಬಿಟ್ಟವನು ತಗಡು ಕೆಲಸದವನು.

"ಇವರು ಮಗಳಾ? ಇಷ್ಟು ದಿನ ನಾನು ಬಾಡಿಗೆಯವರು ಅಂದ್ಕೊಂಡಿದ್ದೆ."

"ಬಾಡಿಗೆ ಕೊಡೋರು ಇಷ್ಟು ತೆಪ್ಪಗಿರ್ತಾರೇನಪ್ಪ," ಎಂದಳು ಅಜ್ಜಿ.

ಅಮ್ಮ ಹೊಸದು ಎಂದರೆ ಯಾವ ಹೊಸದು, ತಗಡಿನದೋ ಪ್ಲಾಸ್ಟಿಕ್ಕಿನದೋ ಎಂದು ಶುರುಮಾಡಿದಳು. ಅಪ್ಪ ಉತ್ತರಕ್ಕೆ ಬಾಯಿ ತೆರೆದ. ನಾನು ಅವರಿಬ್ಬರನ್ನೂ ಬಿಟ್ಟು ತಗಡು ಕೆಲಸದವನ ಕಡೆ ತಿರುಗಿ, ತಗಡಿನದೇ ಇರಲಿ, ನಾಳೆಯೇ ಬನ್ನಿ ಎಂದೆ.

"ಅದೂ ಸರಿ ಅಕ್ಕ," ಎಂದ. ಬಂದೂ ಬಂದ.

ಹೊಸ ದೋಣಿ ಕೂತಿತು, ಗೋಡೆ ಒಣಗಿತು, ಕೋಣೆ ನನ್ನ ಕೈಗೆ ಬಂತು. ಆದರೆ ಮನೆಯಲ್ಲಿ ತೀರ್ಮಾನ ಹೇಳುವವರೊಬ್ಬರಿದ್ದಾರೆ ಎಂಬುದು ಬಯಲಾಗಿಬಿಟ್ಟಿದೆ. ಅಮ್ಮ ಎರಡು ಗುಂಡಿ ಹಿಡಿದು ಬರುತ್ತಾಳೆ, ಈ ಬ್ಲೌಸಿಗೆ ಇದೋ ಅದೋ. ಅಪ್ಪ ಯಾರದೋ ಮುಂದಿನ ಹಲ್ಲುಗಳನ್ನು ಅಂಗೈಯಲ್ಲಿಟ್ಟುಕೊಂಡು ಬರುತ್ತಾನೆ, ಈ ಬಣ್ಣ ಹೆಚ್ಚು ಬಿಳಿಯಾಯಿತೇ. ಅಜ್ಜಿಗೆ ಕುರ್ಚಿ ಬೀದಿಗೆ ಮುಖ ಮಾಡಿ ಹಾಕಬೇಕೋ ಅಡುಗೆಮನೆಗೋ ಎಂದು ದಿನಕ್ಕೊಂದು ಸಂಶಯ. ಯಾರೂ ಬಾಗಿಲು ತಟ್ಟುವುದಿಲ್ಲ, ಏಕೆಂದರೆ ಅದಕ್ಕೆ ಚಿಲಕವಿಲ್ಲ. ತೇವಕ್ಕೆ ತುಕ್ಕು ಹಿಡಿದು ಕೈಗೇ ಬಂದುಬಿಟ್ಟಿತ್ತು.

ಆ ಚಿಲಕವನ್ನು ಉಳಿಸಬಹುದು ಎಂದು ಅಪ್ಪ ಹೇಳುತ್ತಾನೆ. ಬಾಗಿಲು ಕಟ್ಟಿಕೊಳ್ಳಲು ಗಟ್ಟಿಯಾದ ಲಾಡಿ ಹೊಲಿದು ಕೊಡುತ್ತೇನೆ ಎಂದು ಅಮ್ಮ. ಇಬ್ಬರ ಮಾತನ್ನೂ ಪೂರ್ತಿ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯಾತ ಚಿಲಕಗಳನ್ನು ಸಾಲಾಗಿ ಹರಡಿ, ಎಂಥದ್ದು ಬೇಕು ಎಂದ.

"ಒಳಗಿಂದ ಹಾಕೋದು," ಎಂದೆ.

ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಪಕ್ಕದಲ್ಲಿ ಮೊಳೆ ಕೊಳ್ಳುತ್ತಿದ್ದವರೂ ತಿರುಗಿ ನೋಡಿದರು.