ನಜಮಾ ಬರೆದ ಮುಖ

ಮೊಣಕೈ ಮೇಲೆ ನೊಣ ಕೂತಿದೆ, ಓಡಿಸುವ ಹಾಗಿಲ್ಲ, ಅಲುಗಾಡಬ್ಯಾಡ್ರಿ ಅವ್ವಾರ ಎಂದಿದ್ದಾಳೆ ಚಿತ್ರ ಬರೆಯುತ್ತಿರುವ ನಜಮಾ, ಅದು ನಡೆಯುತ್ತಿದೆ, ಚರ್ಮದ ಮೇಲೆ ಕಚಗುಳಿಯಿಟ್ಟುಕೊಂಡು ಮಣಿಕಟ್ಟಿನ ಕಡೆಗೆ, ಬಳೆ ಇದ್ದಿದ್ದರೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು, ಈಗ ತಡೆಯುವುದೇನೂ ಇಲ್ಲ, ಹೋಗಲಿ — ಬೀದಿಬಾಗಿಲಿನ ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿದೆ, ಶಹಾಬಾದಿ ಕಲ್ಲು ಬೆಚ್ಚಗಾಗಿ ಅಂಗಾಲಿಗೆ ಹಿತವಾಗಿದೆ, ಮತ್ತೆ ಈ ವಾಸನೆ, ಎಲ್ಲೋ ಗೊತ್ತಿರುವ ವಾಸನೆ ಎಂದು ಬೆಳಗಿನಿಂದ ಹುಡುಕುತ್ತಿದ್ದೆ, ಅಗಸೆ ಎಣ್ಣೆಯದು, ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಕಲಸುತ್ತಾರಂತೆ, ನಾವು ಚಟ್ನಿಪುಡಿಗೆ ಹುರಿಯುವ ಅದೇ ಅಗಸೆ, ಮೂವತ್ತೆಂಟು ವರ್ಷದ ಪಾರ್ವತೆಮ್ಮ ಎಂಬ ನನ್ನ ಮುಖ ಅಡುಗೆಮನೆಯ ವಾಸನೆಯಲ್ಲೇ ತಯಾರಾಗುತ್ತಿದೆ, ನಗು ಬಂತು, ನಗಬಾರದು, ತುಟಿಯನ್ನು ಈಗಲೇ ಬರೆಯುತ್ತಿರಬಹುದು. ಎಷ್ಟು ನೋಡುತ್ತಾಳೆ ಈ ಹುಡುಗಿ. ನೋಡುತ್ತಾಳೆ, ಕಣ್ಣು ಕಿರಿದು ಮಾಡುತ್ತಾಳೆ, ಬಟ್ಟೆಯ ಮೇಲೆ ಒಂದು ಸಲ ಬ್ರಷ್ ಆಡಿಸುತ್ತಾಳೆ, ಮತ್ತೆ ನೋಡುತ್ತಾಳೆ, ನೇರ ಮುಖಕ್ಕೆ, ಹಣೆಗೆ, ಕೆನ್ನೆಗೆ, ನೆಲದೊಳಗಿನ ಹಗೇವಿಗೆ ಇಳಿಸುವ ಮೊದಲು ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾರಲ್ಲ ಹಾಗೆ — ಮೊದಮೊದಲು ಮೈಯೆಲ್ಲ ಬಿಗಿಯಾಯಿತು, ಸೆರಗು ಎಳೆದುಕೊಳ್ಳಬೇಕೆನಿಸಿತು, ನಮ್ಮ ಮನೆಯವರು ತೀರಿಹೋದ ಮೇಲೆ ಯಾರು ನನ್ನ ಮುಖವನ್ನು ಹೀಗೆ ನೋಡಿದ್ದಾರೆ, ಮಾತಾಡುವವರು ಭುಜ ನೋಡಿ ಮಾತಾಡುತ್ತಾರೆ, ಒಳ್ಳೆಯ ಕೆಲಸಕ್ಕೆ ಹೊರಟವರು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು ಒಂದು ಗಳಿಗೆ ನಿಲ್ಲುತ್ತಾರೆ, ನಾನೇ ಅರಿತು ಒಳಗೆ ಸರಿಯುತ್ತೇನೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಏಳು ವರ್ಷದಲ್ಲಿ ಕಾಲಿಗೇ ಅಭ್ಯಾಸವಾಗಿಹೋಗಿದೆ.

ಅವತ್ತು ನಜಮಾ ಲಿಂಗಸುಗೂರಿನ ಬಸ್ಸಿಳಿದು ಬಂದು ಕೇಳಿದಾಗ ಆಗುವುದಿಲ್ಲ ಎಂದೇ ಹೇಳಿದ್ದೆ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುವ ಟೀಚರಮ್ಮ ಆಗಿದ್ದಾಳೆ, ಹೈದರಾಬಾದಿನಲ್ಲಿ ಓದಿ ಬಂದಿದ್ದಾಳೆ, ಅಲ್ಲಿ ಒಂದು ಪ್ರದರ್ಶನವಂತೆ, ಒಂದು ಮುಖ ಬರೆದು ಕಳಿಸಬೇಕಂತೆ, ನಿಮ್ಮ ಮುಖಾ ಬೇಕ್ರೀ ಅವ್ವಾರ ಎಂದಳು. ನನ್ನ ಮುಖವೇ, ಮಸ್ಕಿಯಲ್ಲಿ ಬೇರೆ ಮುಖ ಇಲ್ಲವೇ, ಹೊಸ ಮದುಮಗಳು ಯಾರಾದರೂ ಸಿಗುತ್ತಾರೆ, ಮೈತುಂಬ ಬಂಗಾರ ಇರುತ್ತದೆ, ಚಿತ್ರ ಚಂದ ಕಾಣುತ್ತದೆ ಎಂದೆ. ಬಂಗಾರ ಬರಿಯೋದು ಸಸಾರ, ನಮ್ಮಪ್ಪ ಜಲ್ಮೆಲ್ಲ ಅದನ್ನೇ ಬರದಾನ ಎಂದಳು. ಹೌದು, ಇವಳಪ್ಪ ಜಿಲಾನಿಸಾಬ್ ಬರೆದಿದ್ದ, ಈ ಪಡಸಾಲೆಯ ಗೋಡೆಯಲ್ಲೇ, ನನ್ನ ಮದುವೆಯ ಹೊತ್ತಿಗೆ ಅಟ್ಟಣಿಗೆ ಕಟ್ಟಿಸಿಕೊಂಡು, ಕೆಮ್ಮಣ್ಣು, ಕಾಡಿಗೆ, ನೀಲಿ, ಬೇವಿನ ಅಂಟು, ಅವನ ಹೆಂಡತಿ ಚಾಂದ್‌ಬೀ ಅಂಗಳದಲ್ಲಿ ಕೂತು ಬಣ್ಣ ಅರೆಯುತ್ತಿದ್ದಳು, ಬಾಗಿಲಿನ ಆ ಬದಿಗೆ ಮದುಮಗ, ಈ ಬದಿಗೆ ಮದುಮಗಳು, ನಡುವೆ ಗಿಳಿಗಳು, ಇಬ್ಬರೂ ಪಕ್ಕಕ್ಕೆ ತಿರುಗಿದವರು, ಮೀನಿನಂಥ ಕಣ್ಣು, ಕಿವಿಯ ತನಕ ಎಳೆದದ್ದು. ಅದು ನಾನು ಎಂದರು ಎಲ್ಲರೂ. ಹದಿನಾಲ್ಕರ ನಾನು ಹೋಗಿ ಹೋಗಿ ನೋಡಿ ಬರುತ್ತಿದ್ದೆ, ಆಮೇಲೆ ಅಂಗಡಿಯವರ ಮನೆಗೆ ಎಲೆಅಡಿಕೆಗೆ ಕರೆದರು, ಅವರ ಗೋಡೆಯಲ್ಲೂ ಅದೇ ಹುಡುಗಿ, ಅದೇ ಮೂಗು, ಅದೇ ಕಣ್ಣು, ಜಡೆಯಲ್ಲೂ ವ್ಯತ್ಯಾಸವಿಲ್ಲ, ಅವಳು ಅವರ ಸೊಸೆ ಅಂತೆ. ಬೇಸರದಿಂದ ನಮ್ಮ ಮನೆಯವರಿಗೆ ಹೇಳಿದೆ, ಅವರು ನಕ್ಕರು, ಮದುಮಗಳು ಅಂದರ ಎಲ್ಲಾರೂ ಒಂದೇ ನೋಡು, ಲಗ್ನ ಹಳೇದಾದ ಮ್ಯಾಲ ಮುಖಾ ಬ್ಯಾರೆ ಬ್ಯಾರೆ ಆಗತಾವ ಎಂದರು. ಎಷ್ಟು ಮೆತ್ತಗೆ ಹೇಳುತ್ತಿದ್ದರು ಎಲ್ಲವನ್ನೂ. ವಿಷಮಜ್ವರದಲ್ಲೂ ಮೆತ್ತಗೆ, ನೀರು ಎಂದು ಕೇಳಿದ್ದು ಸಹ ನನಗೊಬ್ಬಳಿಗೇ ಕೇಳಿಸಿತು, ಹಿಂದೂ ಮುಸಲ್ಮಾನ ಎಂದು ಊರೂರು ಒಡೆದ ಆ ಗಲಾಟೆಯ ವರ್ಷ, ದಾರಿಗಳೆಲ್ಲ ಕಟ್ಟಿಹೋಗಿದ್ದವು, ರಾಯಚೂರಿನ ದವಾಖಾನೆಗೆ ಬಂಡಿ ಹೂಡುವವರು ಸಿಗಲಿಲ್ಲ.

ಆ ವರ್ಷದ ಮೇಲೆ ಜಿಲಾನಿಸಾಬನನ್ನು ಗೋಡೆ ಬರೆಯಲು ಯಾರೂ ಕರೆಯಲಿಲ್ಲ, ಜನಕ್ಕೆ ಜನದ ಮೇಲೆ ನಂಬಿಕೆ ಹೋಗಿತ್ತು, ಅಷ್ಟರಲ್ಲಿ ಅಚ್ಚಿನ ಪಟಗಳೂ ಬಂದವು, ಸಿಂಧನೂರಿನ ಪೇಟೆಯಲ್ಲಿ ಕಟ್ಟು ಹಾಕಿಸಿ ಮಾರುತ್ತಾರೆ, ಶಿವ ಪಾರ್ವತಿ, ಗುಲಾಬಿ ಕೆನ್ನೆ, ಹಿಂದೆ ಮಂಜಿನ ಗುಡ್ಡ, ನೋಡಿದರೆ ಮುಟ್ಟಬೇಕೆನ್ನುವ ಹಾಗೆ ಗುಂಡಗುಂಡಗೆ ಕೈಕಾಲು, ನಮ್ಮ ಮನೆಗೂ ಒಂದು ಬಂತು, ಗೋಡೆಯ ಚಿತ್ರಕ್ಕೆ ಸುಣ್ಣ ಬಂತು. ಮಗಳು ಗುರುಲಿಂಗಮ್ಮನ ಲಗ್ನಕ್ಕೆ ಬಳಿಸಿದ ಸುಣ್ಣ ಅದು. ಮತ್ತೆ ಆ ಲಗ್ನದ ಫೋಟೋ — ಬ್ಯಾಡ, ಅದನ್ನು ನೆನೆಯುವುದು ಬೇಡ, ನೆನೆದರೆ ಹುಬ್ಬು ಗಂಟಿಕ್ಕುತ್ತದೆ, ಅವಳು ಅದನ್ನೂ ಬರೆದುಬಿಟ್ಟಾಳು, ಆದರೂ ಬರುತ್ತದಲ್ಲ, ಸಿಂಧನೂರಿನ ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿದ್ದಾನೆ, ಬೀಗರು, ಮೈದುನ ಹಂಪಣ್ಣ, ಅವನ ಹೆಂಡತಿ ಬಸವಣ್ಣೆಮ್ಮ, ಮಕ್ಕಳು, ಎಲ್ಲರೂ ಸಾಲಾಗಿ, ನಾನು ಅಡುಗೆಮನೆ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದೇನೆ, ಮಗಳು ನನ್ನತ್ತ ನೋಡುತ್ತಿದ್ದಾಳೆ, ಯಾರೋ, ಬಸವಣ್ಣೆಮ್ಮನೇ ಇರಬೇಕು, ಸ್ವಲ್ಪ ಬಾಜೂ ಸರೀರಿ ಯಕ್ಕ ಎಂದಳು, ಮೆಲ್ಲಗೇ ಎಂದಳು, ಕೆಟ್ಟವಳಲ್ಲ ಅವಳು, ನಾನು ಸರಿದೆ, ಆಗಲೇ ಕ್ಲಿಕ್ ಎಂದಿತು. ಫೋಟೋ ಬಂದಾಗ ಅಂಚಿನಲ್ಲಿ ನನ್ನ ಸೆರಗಿನ ತುದಿ ಇದೆ, ಒಂದು ಕೈ ಇದೆ. ಮದುಮಗಳು ಮಾತ್ರ ಎಲ್ಲರಂತೆ ಮುಂದೆ ನೋಡದೆ ಆ ಕೈಯನ್ನು ನೋಡುತ್ತಿದ್ದಾಳೆ. ಅದಕ್ಕೇ ಇರಬೇಕು ನಾನು ನಜಮಾಳಿಗೆ ಬೇಡ ಎಂದವಳು ಅವಳು ಅಂಗಳ ದಾಟುವಷ್ಟರಲ್ಲಿ ಕೂಗಿ ಕರೆದದ್ದು, ಐತವಾರ ಬಾ ತಂಗಿ ಎಂದದ್ದು.

ಕುತ್ತಿಗೆ ನೋಯುತ್ತಿದೆ. ಬ್ರಷ್ಷು ಬಟ್ಟೆಗೆ ಉಜ್ಜುವ ಸದ್ದು, ಹಸು ಕರು ನೆಕ್ಕಿದ ಹಾಗೆ. ಏನು ಬರೆಯುತ್ತಿದ್ದೀ ಈಗ ಎಂದು ತುಟಿ ಅಲುಗಿಸದೆ ಕೇಳಿದೆ, ನೆರಳು ಎಂದಳು. ನೆರಳು ಅಂದರೆ ಕಪ್ಪಲ್ಲವೇ, ಅರ್ಧ ಮುಖಕ್ಕೆ ಮಸಿ ಹಚ್ಚುತ್ತೀಯೇನು, ನೋಡಿದವರು ಏನೆಂದಾರು ಎಂದೆ. ನಮ್ಮಪ್ಪನೂ ಹಿಂಗ ಬೈತಾನ್ರಿ ಎಂದು ನಕ್ಕಳು. ಅವಳು ಹೇಳಿದ್ದು ಪೂರ್ತಿ ತಿಳಿಯಲಿಲ್ಲ, ತಿಳಿದಷ್ಟು ಇದು: ಅಪ್ಪನ ಕಾಲದ ಚಿತ್ರಕ್ಕೆ ನೆರಳಿಲ್ಲ, ಹಗಲು ರಾತ್ರಿ ಇಲ್ಲ, ಅದು ಗೊತ್ತಿದ್ದುದನ್ನು ಬರೆಯುವುದು, ಮದುಮಗಳು ಎಂದರೆ ಹೀಗೆ, ಗಿಳಿ ಎಂದರೆ ಹೀಗೆ. ಹೈದರಾಬಾದಿನ ಶಾಲೆಯಲ್ಲಿ ಕಣ್ಣಿಗೆ ಕಂಡದ್ದನ್ನು ಬರೆಯಲು ಕಲಿಸಿದರು, ಒಂದು ಕಡೆ ಬೆಳಕು ಒಂದು ಕಡೆ ಕಂದು, ಉಬ್ಬು ತಗ್ಗು ಎಲ್ಲ ಇದ್ದ ಹಾಗೆ. ಆಮೇಲೆ ಅಲ್ಲೇ ಬೇರೆ ದೇಶದ ಚಿತ್ರಗಳ ಪುಸ್ತಕ ನೋಡಿದಳಂತೆ, ನೆರಳು ಕಪ್ಪೂ ಅಲ್ಲ ಕಂದೂ ಅಲ್ಲ, ಸುಮ್ಮನೆ ಕೂತು ನೋಡಿದರೆ ನೆರಳಿನೊಳಗೆ ಹಸಿರಿದೆ, ನೀಲಿಯಿದೆ, ಹೆಸರು ಮರೆತು ನೋಡಬೇಕು, ಇದು ಕೆನ್ನೆ ಇದು ಮೂಗು ಎನ್ನುವುದನ್ನು ಮರೆಯಬೇಕು — ಹೆಸರು ಮರೆತು. ವಿಧವೆ ಎನ್ನುವುದನ್ನೂ ಮರೆತು ನೋಡುತ್ತಾಳೋ ಏನೋ. ಅವಳ ಅಪ್ಪ ಈಗ ಕಣ್ಣು ಮಂಜಾಗಿ ಮನೆಯಲ್ಲಿ ಕೂತಿದ್ದಾನೆ, ಮಗಳು ಬರೆದದ್ದನ್ನು ಮೂಗಿನ ಹತ್ತಿರ ಹಿಡಿದು, ಇದು ಮುಖಾ ಅಲ್ಲ ಬೇಟಾ, ಗಾಯ ಎಂದನಂತೆ, ಎಂದವನು ಆ ಹೊತ್ತು ಪೂರ್ತಿ ಅದನ್ನು ಕೈಯಿಂದ ಕೆಳಗಿಡಲಿಲ್ಲವಂತೆ.

ಒಳಬಾಗಿಲಲ್ಲಿ ಕೆಮ್ಮು. ಹಂಪಣ್ಣನ ಕೆಮ್ಮು, ನನ್ನ ಮೈದುನ, ಈ ಮನೆಯ ಯಜಮಾನ, ಗಂಟಲಿನದಲ್ಲ ಅದು, ನಾನು ಒಳಗೆ ಹೋಗಬೇಕೆನ್ನುವ ಕೆಮ್ಮು. ಮರೆತೇಬಿಟ್ಟಿದ್ದೆ, ಇವತ್ತು ಗಂಡಹೆಂಡತಿ ಸಿಂಧನೂರಿಗೆ ಹೊರಟವರು, ಮಗನಿಗೆ ಹೆಣ್ಣು ನೋಡಲು, ಕಾಲುವೆ ಬರುವ ಕಡೆ ಹೊಲ ಇರುವ ಮನೆತನ, ವಾರದಿಂದ ಅದೇ ಮಾತು, ಮತ್ತೆ ನಾನು ಸರಿಯಾಗಿ ಬೀದಿಬಾಗಿಲಿಗೆ ಎದುರಾಗಿ ಕೂತಿದ್ದೇನೆ, ದಾಟಬೇಕೆಂದರೆ ನನ್ನ ಮುಖದ ಮುಂದೆಯೇ ದಾಟಬೇಕು. ಕಾಲುಗಳು ಏಳಹೊರಟವು, ನನ್ನನ್ನು ಕೇಳದೆ, ಹಿಮ್ಮಡಿ ನೆಲಕ್ಕೆ ಒತ್ತಿತು, ಅಷ್ಟರಲ್ಲಿ ನಜಮಾಳ ಕಣ್ಣು ಕಂಡಿತು, ಬ್ರಷ್ಷು ಗಾಳಿಯಲ್ಲಿ ನಿಂತಿತ್ತು. ವೈನಿ, ಒಂದು ಗಳಿಗಿ ಒಳಗ ಹೋಗ್ರಿ, ನಾವು ಹೊಂಟೀವಿ ಎಂದ ಹಂಪಣ್ಣ, ನಯವಾಗಿಯೇ. ಎದೆ ಬಡಿಯುತ್ತಿದೆ, ಬಟ್ಟೆಯ ಮೇಲೆ ಅದೂ ಕಾಣುತ್ತದೇನೋ. ಎಲ್ಲಿಂದ ಬಂತು ದನಿ ತಿಳಿಯದು, ತಲೆ ತಿರುಗಿಸಲಿಲ್ಲ, ಬಾಗಿಲನ್ನೇ ನೋಡುತ್ತ ಹೇಳಿದೆ, ಅಲುಗಾಡಬ್ಯಾಡ ಅಂದಾಳ, ಹಂಪಣ್ಣ. ನಾ ಅಲುಗಾಡಂಗಿಲ್ಲ. ನೀ ಹೋಗಿ ಬಾ.

ಬಸವಣ್ಣೆಮ್ಮನ ಹೊಸ ಸೀರೆಯ ಸರಪರ ಸದ್ದು, ಅದು ಹಿಂದಕ್ಕೆ ಹೋಯಿತು, ಹಿತ್ತಿಲ ಬಾಗಿಲಿನ ಅಗಳಿ ತೆಗೆದದ್ದು ಕೇಳಿಸಿತು, ಹೋಗಲಿ, ತಾಯಿಯಲ್ಲವೇ, ಮಗನ ಒಳ್ಳೆಯದಕ್ಕೆ ಹೆದರಿದ್ದಾಳೆ, ನಾನೂ ಮಗಳ ಲಗ್ನದ ದಿನ ನನ್ನ ಮುಖಕ್ಕೆ ನಾನೇ ಹೆದರಿದ್ದೆ. ಹಂಪಣ್ಣ ಹೋಗಲಿಲ್ಲ. ಜೋಡು ಕಿರ್ರೆನ್ನುತ್ತ ನಜಮಾಳ ಬೆನ್ನ ಹಿಂದೆ ಬಂದು ನಿಂತ, ಚಿತ್ರವನ್ನು ನೋಡಿದ, ಸಿಟ್ಟಿನ ಮುಖವೇ ಇತ್ತು, ಆಮೇಲೆ ನನ್ನತ್ತ ನೋಡಿದ, ಮತ್ತೆ ಚಿತ್ರ, ಮತ್ತೆ ನಾನು, ನಜಮಾಳ ಕಣ್ಣುಗಳ ಹಾಗೆಯೇ ಹೋಗಿ ಬರತೊಡಗಿದವು ಅವನ ಕಣ್ಣುಗಳೂ, ಹತ್ತು ವರ್ಷದವನಿದ್ದ ನಾನು ಈ ಮನೆಗೆ ಬಂದಾಗ, ತಾಯಿಯಿಲ್ಲದ ಹುಡುಗ, ನನ್ನ ಕೈಯಲ್ಲೇ ಉಂಡವನು, ಏಳು ವರ್ಷದಿಂದ ನನ್ನ ಭುಜದ ಜೊತೆ ಮಾತಾಡಿದವನು. ಇದು ಯಾರು ಯಾರು ನೋಡತಾರ ಎಂದು ನಜಮಾಳನ್ನು ಕೇಳಿದ. ಹೈದರಾಬಾದಿನಲ್ಲಿ ಟಿಕೀಟು ತಗೊಂಡು ಬಂದವರೆಲ್ಲ ಎಂದಳು, ಬ್ಯಾಡ ಅಂದರ ಕಳಸಂಗಿಲ್ರಿ ಎಂದಳು. ಏನಂತೀರಿ ಎಂದು ಅವನು ನನ್ನನ್ನು ಕೇಳಿದ, ಈ ಸಲ ಭುಜವನ್ನಲ್ಲ. ನೋಡಲಿ ಬಿಡು ಎಂದೆ. ಅವನು ತಲೆಯ ರುಮಾಲು ಸರಿಮಾಡಿಕೊಂಡ, ಇಷ್ಟ್ಯಾಕ ಸೊರಗೀರಿ ವೈನಿ ಎಂದ, ಬಿಸಿಲಿಗೆ ಬಂದ, ಬಾಗಿಲಿಗೆ ಬಂದ, ಹೊಸ್ತಿಲ ಮೇಲೆ ಕಾಲಿಟ್ಟು ಪೂರ್ತಿ ತಿರುಗಿ ನಿಂತ, ಹೋಗಿ ಬರ್ತೀನ್ರಿ ಎಂದು ನನ್ನ ಮುಖಕ್ಕೆ ಹೇಳಿದ, ಹೋದ. ಕಣ್ಣು ತುಂಬಿತು, ಒರೆಸುವ ಹಾಗಿಲ್ಲ, ಒರೆಸಲಿಲ್ಲ.

ಏಳ್ರಿ ಅವ್ವಾರ, ಮುಗೀತು. ಮೊಣಕಾಲುಗಳು ಮರಗಟ್ಟಿವೆ, ಗೋಡೆ ಹಿಡಿದು ಎದ್ದೆ, ಹೋಗಿ ನಿಂತೆ, ಅಯ್ಯ, ಏನೂ ಇಲ್ಲ, ಬಣ್ಣದ ಮುದ್ದೆಗಳು, ಹಸಿರು, ಕಂದು, ನೀಲಿ, ಸೆಗಣಿ ಬಡಿದ ಹಾಗೆ, ಇದಕ್ಕಾಗಿಯೇ ಇಷ್ಟು ಹೊತ್ತು — ಹಿಂದ ಬರ್ರಿ, ಇನ್ನೂ ಹಿಂದ, ಎಂದು ಕೈ ಹಿಡಿದು ಅವಳು ನನ್ನನ್ನು ಕಂಬದ ತನಕ ಕರೆದುಕೊಂಡು ಹೋದಳು, ಕಂಬಕ್ಕೆ ಬೆನ್ನು ತಾಗಿತು, ನೋಡಿದೆ. ಕೂತಿದ್ದಾಳೆ ಒಬ್ಬಳು. ಕೆನ್ನೆಯ ಹಸಿರು ಹಸಿರಾಗಿ ಉಳಿದಿಲ್ಲ, ದಣಿವಾಗಿದೆ. ಹಣೆಯ ಮೇಲೆ ವಿಭೂತಿ ಬೂದಿಯ ಬಣ್ಣದ್ದಲ್ಲ, ಹಾಲಿನ ಕೆನೆಯದು. ಚಂದವಿಲ್ಲ ಅವಳು, ಆದರೆ ಯಾರ ಹಾಗೂ ಇಲ್ಲ, ಅಂಗಡಿಯವರ ಸೊಸೆಯ ಹಾಗಿಲ್ಲ, ಪಟದ ದೇವಿಯ ಹಾಗಿಲ್ಲ, ಇವಳನ್ನು ಎಲ್ಲಿ ನಿಲ್ಲಿಸಿದರೂ ಇವಳೇ. ಮೆಲ್ಲಗೆ ಮತ್ತೆ ಹತ್ತಿರ ಹೋದೆ, ಕಣ್ಣಿನ ಹತ್ತಿರ, ಕರಿಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ, ಅಕ್ಕಿನುಚ್ಚಿನಷ್ಟು, ಅದರೊಳಗೆ ಕೂದಲೆಳೆಯಂಥ ಒಂದು ಕಪ್ಪು ಗೀರು. ಇಲ್ಲಿ ಕಸ ಬಿದ್ದದ ನೋಡು ತಂಗಿ ಎಂದೆ. ಕಸ ಅಲ್ರಿ ಎಂದಳು, ಬಿಳೀದು ಬಾಗಲಾ, ನಿಮ್ಮ ಕಣ್ಣಾಗ ಬಿದ್ದಿತ್ತು, ಒಳಗಿನ ಗೀರು ನಿಮ್ಮ ಮೈದುನಾರು, ತಿರುಗಿ ನಿಂತರಲ್ಲ, ಆವಾಗ ಕಂಡರು. ಕಣ್ಣೊಳಗೆ ಬಾಗಿಲು. ಬೆಳಗಿನಿಂದ ಹೊತ್ತುಕೊಂಡು ಕೂತಿದ್ದೇನೆ, ನನಗೆ ತಿಳಿದಿಲ್ಲ, ಅವಳು ಬ್ರಷ್ಷುಗಳನ್ನು ಬಟ್ಟೆಗೆ ಒರೆಸುತ್ತಿದ್ದಾಳೆ, ಚಾ ಇಡಬೇಕು, ಬಸ್ಸಿನ ಹೊತ್ತಾಯಿತು ಅವಳಿಗೆ, ಹಿತ್ತಿಲ ಬಾಗಿಲು ಹಾಗೇ ಬಿಟ್ಟು ಹೋಗಿದ್ದಾರೇನೋ ನೋಡಬೇಕು — ಬಿಳಿ ಚುಕ್ಕೆ, ಒಳಗೊಂದು ಗೀರು, ಒಲೆ ಹಚ್ಚಬೇಕು, ಬಿಳಿ ಚುಕ್ಕೆ, ಹೊಸ್ತಿಲ ಮೇಲೆ ನಿಂತಿದ್ದಾನೆ, ನನ್ನ ಕಡೆ ಮುಖ ಮಾಡಿ.