ಜೇಡಕ್ಕೆ ಹಿಡಿದ ನಡುಕ

ಊರಿಂದ ಅವ್ವ ಕಾಟಮ್ಮ ಕಳಿಸಿದ ಕಡಲೆಕಾಯಿ ಚೀಲದಲ್ಲಿ ಆ ಜೇಡ ಬಂದಿತ್ತು. ಅಂಗೈಯಗಲ, ಮೈತುಂಬ ಕಂದು ರೋಮ. ಮಡಕಶಿರಾ ಕಡೆ ಹೊಲದ ಬದುಗಳಲ್ಲಿ ಬಿಲ ತೋಡಿಕೊಂಡಿರುವ ಜಾತಿ. ರಾಯದುರ್ಗದ ಬಾಡಿಗೆ ಕೋಣೆಯಲ್ಲಿ ಚೀಲ ಬಿಚ್ಚಿದ ನಾಗಮಣಿ ಅದನ್ನು ಹೊಡೆಯಲಿಲ್ಲ. ಹಳೆಯ ಪ್ಲಾಸ್ಟಿಕ್ ಡಬ್ಬಿಗೆ ಮಣ್ಣು ತುಂಬಿ, ಮುಚ್ಚಳಕ್ಕೆ ತೂತು ಕೊರೆದು ಅದರಲ್ಲಿ ಸಾಕಿಕೊಂಡಳು.

ಗಂಡ ತೀರಿಕೊಂಡ ಮೇಲೆ ಜೀನ್ಸ್ ಹೊಲಿಯುವ ಕೆಲಸಕ್ಕೆಂದು ಈ ಊರಿಗೆ ಬಂದವಳು ಅವಳು. ದಿನವಿಡೀ ಮಿಷನ್ನುಗಳ ಸದ್ದಿನಲ್ಲಿ ಕೂತು ಬರುವವಳಿಗೆ, ಮಾತಾಡದ, ಏನನ್ನೂ ಕೇಳದ ಒಂದು ಜೀವ ಕೋಣೆಯಲ್ಲಿರುವುದು ಹಿತವೆನಿಸುತ್ತಿತ್ತು. ಪಕ್ಕದಲ್ಲೇ ಇದ್ದ ಮನೆಯೊಡತಿ ಹಂಪಕ್ಕನಿಗೆ ಮಾತ್ರ ಅದನ್ನು ಕಂಡರಾಗದು. "ಮುಚ್ಚಳ ಗಟ್ಟಿ ಹಾಕವ್ವ" ಎಂದಷ್ಟೇ ಹೇಳಿ ಸುಮ್ಮನಾಗಿದ್ದಳು.

ಆ ಬೇಸಿಗೆಯಲ್ಲಿ ತಿಗಣೆ ಕಾಟ ಹೆಚ್ಚಾಯಿತು. ನಾಗಮಣಿ ನಿದ್ದೆಗೆಟ್ಟು, ಕೆಂಪಗಾದ ಕಣ್ಣಲ್ಲೇ ಕೆಲಸಕ್ಕೆ ಹೋಗುವುದನ್ನು ನೋಡಲಾಗದೆ ಹಂಪಕ್ಕ ಒಂದು ಮಧ್ಯಾಹ್ನ ತಾನೇ ಔಷಧಿ ತಂದು ಕೋಣೆಗೆಲ್ಲ ಹೊಡೆದಳು. ಗೋಡೆಯ ಗೂಡಿನಲ್ಲಿದ್ದ ಜೇಡದ ಡಬ್ಬಿ ಅವಳಿಗೆ ನೆನಪಾಗಲಿಲ್ಲ.

ಮರುದಿನದಿಂದಲೇ ಜೇಡದ ನಡಿಗೆ ಕೆಟ್ಟಿತು. ಕಾಲುಗಳು ಒಂದರ ಮೇಲೊಂದು ಬಿದ್ದು ಸಿಕ್ಕಿಕೊಳ್ಳುತ್ತಿದ್ದವು. ಸ್ವಲ್ಪ ನಡೆದರೆ ಮೈಯೆಲ್ಲ ಅದುರಿ ಒಂದು ಮಗ್ಗುಲಿಗೆ ವಾಲಿಬಿಡುತ್ತಿತ್ತು. ಹಾಕಿದ ಜಿರಳೆಯನ್ನು ಹಿಡಿಯಲಾಗದೆ ಇದ್ದಲ್ಲೇ ಸುತ್ತುತ್ತಿತ್ತು.

ವಾರದ ರಜೆಗೆ ನಾಗಮಣಿ ಡಬ್ಬಿ ಹಿಡಿದು ದನದ ಆಸ್ಪತ್ರೆಗೆ ಹೊರಟಾಗ ಹಂಪಕ್ಕನೂ ಜೊತೆಗೆ ಬಂದಳು. ಡಾಕ್ಟರು ಚಂದ್ರಶೇಖರಯ್ಯ ನಗಲಿಲ್ಲ.

"ದನ, ಕುರಿ ನೋಡೋನಮ್ಮ ನಾನು. ಇದರದ್ದು ನನಗ ಅಷ್ಟು ಗೊತ್ತಿಲ್ಲ" ಎಂದರೂ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಡಬ್ಬಿಯೊಳಗೆ ನೋಡಿದರು. "ಮನಿಯಾಗ ಏನರ ಔಷಧಿ ಹೊಡದೀರೇನು?"

ಹಂಪಕ್ಕನ ಮುಖ ಸಣ್ಣದಾಯಿತು. "ನಾನ ಹೊಡದೀನ್ರಿ. ತಗಣಿಗೆ."

"ಅದಾ ಇರಬೇಕು. ಮಣ್ಣು ಬದಲು ಮಾಡ್ರಿ, ಗಾಳಿ ಆಡೋ ಕಡೆ ಇಡ್ರಿ, ನೀರು ಇಡ್ರಿ. ಇನ್ನೇನು ಮಾಡಾಕ ಆಗಂಗಿಲ್ಲ."

ದಾರಿಯಲ್ಲಿ ಹಂಪಕ್ಕ ಬೈಗುಳಕ್ಕೆ ಕಾದಳು. ಕೊನೆಗೆ ತಾನೇ ಅಂದಳು: "ಬೈಯೋದಿದ್ರ ಬೈದುಬಿಡವ್ವ."

"ಬೈಯಾಕೆ ತ್ರಾಣ ಇಲ್ಲ ಕಣಕ್ಕ. ನಾನು ನಿದ್ದೆ ಮಾಡ್ಲಿ ಅಂತ ತಾನೆ ನೀನು ಹೊಡ್ದಿದ್ದು."

ಹಂಪಕ್ಕ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಮನೆಯವರೆಗೂ ತಾನೇ ಹಿಡಿದು ನಡೆದಳು.

ಅಷ್ಟರಲ್ಲಿ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂತು. ನಾಗಮಣಿ ಕತ್ತಲಾದ ಮೇಲೆ ಬರುತ್ತಿದ್ದಳು. ಸೊಂಟ ಹಿಡಿದುಕೊಂಡು, ಬೆರಳುಗಳಿಗೆ ನೀಲಿ ಬಣ್ಣ ಮೆತ್ತಿಕೊಂಡು. ಹಗಲೆಲ್ಲ ಡಬ್ಬಿ ಹಂಪಕ್ಕನ ಪಡಸಾಲೆಯಲ್ಲಿ. ಅವಳು ಬಾಟಲಿಯ ಮುಚ್ಚಳದಲ್ಲಿ ನೀರಿಡುತ್ತಿದ್ದಳು, ಬಿಸಿಲು ಬಂದ ಕಡೆಯಿಂದ ನೆರಳಿಗೆ ಸರಿಸುತ್ತಿದ್ದಳು.

"ಹೆಂಗೈತೆ?"

"ಹಂಗ ಐತಿ."

ದಿನವೂ ಇದೇ ಮಾತು. ಸತ್ತಾದರೂ ಹೋಗಬಾರದೇ ಎಂದು ನಾಗಮಣಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಗಂಡ ಹಾಸಿಗೆ ಹಿಡಿದಾಗಲೂ ಹೀಗೇ ಅನ್ನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಹಂಪಕ್ಕ ಬಾಗಿಲಲ್ಲೇ ಕೂತಿದ್ದಳು. "ಹೋತವ್ವ. ಬೆನ್ನ ಮ್ಯಾಲೆ ಬಿದ್ದೈತಿ. ನೀ ಬಂದಮ್ಯಾಲ ಮಣ್ಣು ಮಾಡೋಣಂತ ಇಟ್ಟೀನಿ."

ನಾಗಮಣಿ ಊಟದ ಕ್ಯಾರಿಯರ್ ಕೆಳಗಿಟ್ಟು ಡಬ್ಬಿಗೆ ಕಣ್ಣು ಹಚ್ಚಿದಳು. ಅಂಗಾತ ಬಿದ್ದಿದ್ದ ಜೇಡದ ಒಂದು ಕಾಲು ಬಹಳ ನಿಧಾನಕ್ಕೆ ಮಡಚಿ ಚಾಚಿಕೊಂಡಿತು.

"ಸತ್ತಿಲ್ಲ ಕಣಕ್ಕ. ನಮ್ಮೂರಾಗೆ ರೇಷ್ಮೆ ಹುಳ ಜ್ವರಕ್ಕೆ ಕೂತ್ಕಣ್ತವೆ, ಸೊಪ್ಪು ಬಿಟ್ಟು, ಅಲ್ಲಾಡ್ದೆ. ಆಮೇಲೆ ಪೊರೆ ಬಿಡ್ತವೆ. ಇದೂ ಹಂಗೇ ಇರಬೇಕು. ಮುಟ್ಟಬ್ಯಾಡ."

ಹಾಗೆಂದರೂ ಅವಳಿಗೆ ಖಾತ್ರಿಯಿರಲಿಲ್ಲ. ಇಬ್ಬರೂ ಡಬ್ಬಿಯ ಮುಂದೆ ಕೂತರು. ಸ್ವಲ್ಪ ಹೊತ್ತಿಗೇ ನಾಗಮಣಿ ಗೋಡೆಗೊರಗಿ ನಿದ್ದೆಹೋದಳು. ಹಂಪಕ್ಕ ಎಬ್ಬಿಸಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಡಬ್ಬಿಯಲ್ಲಿ ಖಾಲಿ ಪೊರೆ ಒಂದು ಕಡೆ, ಮಸುಕು ಬಣ್ಣದ ಜೇಡ ಇನ್ನೊಂದು ಕಡೆ. ಹಿಂದಿನ ಕಾಲೊಂದು ಪೊರೆಯಲ್ಲೇ ಸಿಕ್ಕಿ ಕಿತ್ತುಹೋಗಿತ್ತು.

"ಒಂದು ಕಾಲು ಹೋತಲ್ಲವ್ವ" ಎಂದಳು ಹಂಪಕ್ಕ.

"ಇನ್ನೂ ಏಳು ಕಾಲು ಅವಲ್ಲ, ಬಿಡಕ್ಕ" ಎಂದು ನಾಗಮಣಿ ಮುಖ ತೊಳೆದು ಕೆಲಸಕ್ಕೆ ಹೋದಳು.

ಮುಂದಿನ ರಜೆಯ ಹೊತ್ತಿಗೆ ಜೇಡದ ಬಣ್ಣ ಗಟ್ಟಿಯಾಗಿತ್ತು. ಒಂದು ಪಕ್ಕಕ್ಕೆ ಕುಂಟಿದರೂ ನಡುಕ ನಿಂತಿತ್ತು. ಹಂಪಕ್ಕ ಸೆರಗಿನ ತುದಿಯಲ್ಲಿ ಜಿರಳೆ ಹಿಡಿದು ಡಬ್ಬಿಗೆ ಬಿಟ್ಟಳು. ಜೇಡ ತಡವರಿಸಿ, ಮತ್ತೆ ಮುನ್ನುಗ್ಗಿ ಹಿಡಿಯಿತು.

"ತಿನ್ನಾಕತ್ತೈತಿ, ಬಾ ನೋಡು ನಾಗಮಣಿ."

ಚಾಪೆಯ ಮೇಲಿದ್ದ ನಾಗಮಣಿ ಒಂದು ಮೊಣಕೈ ಊರಿ ತಲೆಯೆತ್ತಿ ನೋಡಿದಳು. "ಊಂ, ತಿಂತೈತೆ" ಎಂದಳು. ಮತ್ತೆ ಮಲಗಿದಳು. ಮಧ್ಯಾಹ್ನದವರೆಗೂ ಏಳಲಿಲ್ಲ.