ಹುಚ್ಚೀರಪ್ಪ ಸಾವುಕಾರರ ಮೋಟಾರಿನ ಫೋಟೋ

"ಶೇಖಸಾಬ, ಒಂಚೂರು ಕೆಳಗ ಇಳಿ."

ಹುಚ್ಚೀರಪ್ಪ ಸಾವುಕಾರರು ಹಾಗೆಂದಾಗ, ಮೋಟಾರಿನ ಮುಂದಿನ ಹಾರ ವಾರೆಯಾಗಿರಬೇಕು, ನೆಟ್ಟಗೆ ಮಾಡಲು ಕರೆಯುತ್ತಿದ್ದಾರೆ ಎಂದುಕೊಂಡು ಡ್ರೈವರ ಶೇಖಸಾಬ ಇಳಿದ. ಹಾರ ನೆಟ್ಟಗೇ ಇತ್ತು. ಅವನು ಇಳಿದ ಬಾಗಿಲಿನಿಂದಲೇ ಸಾವುಕಾರರ ಮುಂಡರಗಿಯ ಅಳಿಯ ಹತ್ತಿದ. ಜರಿ ರುಮಾಲು ಸರಿಮಾಡಿಕೊಂಡು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕೂತ. ಹುಟ್ಟಿದಾಗಿನಿಂದ ಎತ್ತಿನ ಚಕ್ಕಡಿಯ ಹಗ್ಗವನ್ನೂ ಹಿಡಿದವನಲ್ಲ ಆ ಮಹಾಶಯ.

"ಫೋಟೋದಾಗ ಅಳಿಯಂದ್ರು ನಡಸ್ಲಿ. ಮೆರವಣಿಗ್ಯಾಗ ನೀನ ನಡಸಾಂವ," ಎಂದರು ಸಾವುಕಾರರು.

"ಹಂಗಾರ ಫೋಟೋದಾಗ ನಾ ಎಲ್ಲಿ ನಿಂದರಲ್ರಿ?"

"ಫೋಟೋ ತಗಿಯಾಂವ ನೀನು. ತಗಿಯಾಂವ ಅದರಾಗ ಹೆಂಗ ಬರತಾನ?"

ಸುತ್ತ ನಿಂತಿದ್ದ ಏಳೆಂಟು ಮಂದಿ ನಕ್ಕರು.

ಅಂದು ಸಾವಿರದ ಒಂಬೈನೂರ ಐವತ್ತಾರನೆಯ ಇಸವಿ, ನವೆಂಬರ್ ಒಂದು. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳೆಲ್ಲ ಅಂದಿನಿಂದ ಒಂದು. ಬೆಟಗೇರಿಯ ಅರಳೆ ಅಡತಿ ಅಂಗಡಿಯ ಅಂಗಳದಿಂದ ಗದಗಿನವರೆಗೆ ಭುವನೇಶ್ವರಿಯ ಪಟದ ಮೆರವಣಿಗೆ, ಅದೂ ಸಾವುಕಾರರ ಕೆನೆಬಣ್ಣದ ಮೋಟಾರಿನ ಮೇಲೆ. ಹೊರಡುವ ಮೊದಲು ಮೋಟಾರಿನ ಚಂದದ ಫೋಟೋ ಆಗಬೇಕು, ಅದು ಅಂಗಡಿಯ ಗೋಡೆಯ ಮೇಲೆ ಇರಬೇಕು ಎಂದು ಸಾವುಕಾರರ ಆಸೆ.

ಆ ಫೋಟೋದಲ್ಲಿ ತಾನಿರುತ್ತೇನೋ ಇಲ್ಲವೋ ಎಂದು ಶೇಖಸಾಬ ಯಾರನ್ನೂ ಕೇಳಿರಲಿಲ್ಲ. ಕೇಳಬೇಕು ಅಂತಲೇ ಹೊಳೆದಿರಲಿಲ್ಲ. ತೆಗೆಯುವ ಕೆಲಸ ತನ್ನದಾದರೂ ಒಂದಕ್ಕಾದರೂ ಬೇರೆ ಯಾರೋ ಕ್ಯಾಮೆರಾ ಹಿಡಿದಾರು ಎಂದುಕೊಂಡಿದ್ದ. ಹನ್ನೆರಡು ವರ್ಷ ಈ ಮೋಟಾರು ನಡೆಸಿದವನು ಅವನು. ಅವನ ಹುಟ್ಟೂರು ಲಕ್ಷ್ಮೇಶ್ವರಕ್ಕೆ ಹೋಗಬೇಕಾದರೆ ಆಗ ಬೇರೆ ರಾಜರ ಸೀಮೆ ಹೊಗಬೇಕಿತ್ತು, ಗಡಿಯ ನಾಕಾದಲ್ಲಿ ನಿಂತು ಪ್ರತಿಯೊಂದಕ್ಕೂ ಜವಾಬು ಹೇಳಬೇಕಿತ್ತು. ಮೂರು ವರ್ಷದ ಹಿಂದೆ ಏಕೀಕರಣದ ಮಂದಿಯನ್ನು ತುಂಬಿಕೊಂಡು ಹುಬ್ಬಳ್ಳಿಗೆ ಹೋದಾಗ ಗಲಾಟೆಯಲ್ಲಿ ಕಲ್ಲು ಬಿದ್ದು ಮುಂದಿನ ಗಾಜು ಒಡೆದಿತ್ತು. ಗಾಜಿನ ಚೂರು ಅವನ ಎಡಹುಬ್ಬಿನ ಮೇಲೆ ಹೊಕ್ಕ ಗುರುತು ಇನ್ನೂ ಇದೆ. ಮರುದಿನ ಸಾವುಕಾರರು ಮೊದಲು ವಿಚಾರಿಸಿದ್ದು ಗಾಜನ್ನು. ಮುಂಡರಗಿಯ ಅಳಿಯ ಆಗ ಎಲ್ಲಿದ್ದನೋ, ಯಾವ ಹಾಸಿಗೆಯ ಮೇಲೆ ಹೊರಳುತ್ತಿದ್ದನೋ.

ಫೋಟೋ ತೆಗೆಯುವವನು ಶೇಖಸಾಬನೇ ಆದದ್ದಕ್ಕೂ ಕಾರಣವಿತ್ತು. ಸಾವುಕಾರರ ಕ್ಯಾಮೆರಾ ಅಂದರೆ ಒಂದು ಕರಿ ಪೆಟ್ಟಿಗೆ, ಅಷ್ಟೆ. ಒತ್ತಲು ಒಂದು ಕಡ್ಡಿ, ರೀಲು ಸುತ್ತಲು ಒಂದು ತಿರುಪು, ಎಷ್ಟನೇ ಫೋಟೋ ಎಂದು ನೋಡಲು ಹಿಂದೆ ಒಂದು ಕೆಂಪು ಕಿಂಡಿ. ಹೋದ ವರ್ಷದ ದಸರೆಗೆ ಸಾವುಕಾರರೇ ಕೈಯಾರೆ ತೆಗೆದ ಫೋಟೋದಲ್ಲಿ ಮೋಟಾರು ಇದ್ದಿಲ ಗುಡ್ಡೆಯಾಗಿ, ಅದರ ನೆತ್ತಿಯಿಂದ ಬೇವಿನ ಗಿಡವೊಂದು ಹುಟ್ಟಿ, ಹಿಂದಿನ ಗಾಲಿ ಮಾಯವಾಗಿತ್ತು. ಆ ರೀಲನ್ನು ತೊಳೆಸಲು ಗದಗಿನ ಚನ್ನಬಸವಣ್ಣನ ಸ್ಟುಡಿಯೋಕ್ಕೆ ಹೋಗಿದ್ದ ಶೇಖಸಾಬ ಸುಮ್ಮನೆ ಕೂತಿರಲಿಲ್ಲ. ಬಿಸಿಲನ್ನು ಬೆನ್ನಿಗೆ ಹಾಕಿಕೊಳ್ಳಬೇಕು, ತನ್ನ ನೆರಳು ಮಾತ್ರ ಫೋಟೋದೊಳಗೆ ಬೀಳಬಾರದು. ಗಾಡಿಯನ್ನು ತುಸು ಓರೆ ನಿಲ್ಲಿಸಿ ಮುಂದಿನ ಗಾಲಿ ಹೊರಳಿಸಬೇಕು. ಹಿಂದೆ ಗಿಡ ಕಂಬ ಇರದ ಬರೀ ಗೋಡೆ ನೋಡಬೇಕು. ನಿಂತು ತೆಗೆದರೆ ಗಾಡಿ ಗಿಡ್ಡ, ಮೊಣಕಾಲೂರಿದರೆ ದೊಡ್ಡದು. ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ, ಉಸಿರು ಹಿಡಿದು ಕಡ್ಡಿ ಒತ್ತಬೇಕು. ಇಷ್ಟನ್ನೂ ಕೇಳಿ ತಿಳಿದುಕೊಂಡು ಬಂದಿದ್ದ.

ಆ ದಿನ ನಸುಕಿನಲ್ಲೇ ಎದ್ದು ಮೋಟಾರು ತೊಳೆದು, ಹಾರ ಹಾಕಿ, ಪಟ ಕಟ್ಟಿ, ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದ್ದ. ಎಂಟು ಫೋಟೋದ ರೀಲು. ಮೊದಲಿನದೊಂದು ಹೊಡೆದು ನೋಡು, ಉಳಿದ ಏಳು ನಮ್ಮವು ಎಂದು ಸಾವುಕಾರರು ಹಿಂದಿನ ದಿನವೇ ಅಪ್ಪಣೆ ಕೊಟ್ಟಿದ್ದರು. ಹೊಡೆದು ನೋಡಬೇಕಾದರೆ ಒಳಗೆ ಯಾರಾದರೂ ಬೇಕಲ್ಲ. ಅಂಗಳದ ಮೂಲೆಯ ತಮ್ಮ ಕೋಣೆಯಿಂದ ಹೆಂಡತಿ ಮೋತಿಬಿಯನ್ನು ಕರೆದು, ಪೆಟ್ಟಿಗೆ ಅವಳ ಕೈಗೆ ಕೊಟ್ಟು, ತಾನು ಸ್ಟೇರಿಂಗ್ ಹಿಡಿದು ಕೂತ. ಅವಳು ಹೆದರುತ್ತಲೇ ಕಡ್ಡಿ ಒತ್ತಿದಳು. ಎಳೆಬಿಸಿಲಿಗೆ ಅವಳ ಉದ್ದ ನೆರಳು ಮೋಟಾರಿನ ಗಾಲಿಯವರೆಗೂ ಚಾಚಿದ್ದನ್ನು ಅವನು ಆಮೇಲೆ ನೋಡಿದ. ಅಷ್ಟು ಹೇಳಿಕೊಟ್ಟರೂ ಕೆಡಿಸಿದೆಯಲ್ಲ ಎಂದು ಬೈದ. ಕೆಟ್ಟರೆ ಕೆಟ್ಟಿತು, ನೀನು ಬಂದರಾಯಿತು ಎಂದು ಅವಳು ಒಲೆಯ ಕಡೆ ಹೋದಳು.

ಈಗ ಅದೇ ಜಾಗದಲ್ಲಿ ಅಳಿಯ ಕೂತಿದ್ದ. ಪೆಟ್ಟಿಗೆಯನ್ನು ನೆಲಕ್ಕೆ ಎತ್ತಿ ಒಗೆದು ಮನೆಗೆ ಹೋಗಿಬಿಡಬೇಕು ಅನ್ನಿಸಿತು ಶೇಖಸಾಬನಿಗೆ. ಆದರೆ ಸಿಟ್ಟಿಗೆ ಕೆಲಸ ಕೆಡಿಸುವ ಜಾತಿ ಅವನದಲ್ಲ. ಮೊಣಕಾಲೂರಿ, ಉಸಿರು ಹಿಡಿದು, ಏಳಕ್ಕೆ ಏಳೂ ತೆಗೆದ. ಒಂದರಲ್ಲೂ ತನ್ನ ನೆರಳು ಬೀಳಗೊಡಲಿಲ್ಲ.

ಆಮೇಲೆ ಅಳಿಯ ಹಿಂದಿನ ಸೀಟಿಗೆ ಸರಿದ, ಶೇಖಸಾಬ ತನ್ನ ಸೀಟಿಗೆ ಬಂದ. ಮೆರವಣಿಗೆ ಮುಗಿಸಿ ಅಂಗಳಕ್ಕೆ ಮರಳಿದಾಗ ಮಟಮಟ ಮಧ್ಯಾಹ್ನ. ಮೋಟಾರು ನಿಲ್ಲಿಸಿ ತಿರುಗಿ ನೋಡುತ್ತಾನೆ, ಅಳಿಯ ಬಿಸಿಲಲ್ಲಿ ನಿಂತು ಕ್ಯಾಮೆರಾದ ಬೆನ್ನು ಬಿಚ್ಚಿ, ಸುತ್ತಿಟ್ಟ ರೀಲನ್ನು ಮೊಳಗಟ್ಟಲೆ ಹೊರಗೆಳೆದು, ಸೂರ್ಯನಿಗೆ ಹಿಡಿದು ತನ್ನ ಮುಖ ಹುಡುಕುತ್ತಿದ್ದಾನೆ! ಶೇಖಸಾಬ ಓಡಿಹೋಗಿ ಕಸಿದುಕೊಳ್ಳುವ ಹೊತ್ತಿಗೆ ರೀಲಿನ ಒಳಗಿನ ಒಂದು ಸುತ್ತು ಮಾತ್ರ ಬಿಚ್ಚದೆ ಉಳಿದಿತ್ತು.

"ಬಂದಾವೋ ಇಲ್ಲೋ ನೋಡಬೇಕಿತ್ತು," ಎಂದ ಅಳಿಯ.

ಸಾವುಕಾರರು ಅಳಿಯನ ಮುಖ ನೋಡಿದರು, ಆಮೇಲೆ ಡ್ರೈವರನ ಮುಖ ನೋಡಿದರು. ಯಾರನ್ನು ಬೈಯಬೇಕೆಂದು ತೀರ್ಮಾನಿಸಲು ಅವರಿಗೆ ಬಹಳ ಹೊತ್ತು ಹಿಡಿಯಲಿಲ್ಲ.

"ಬಿಚ್ಚಬಾರದು ಅಂತ ನೀ ಮೊದಲ ಹೇಳಬೇಕಾಗಿತ್ತಲ್ಲೋ, ಶೇಖಸಾಬ."

ಮೂರನೆಯ ದಿನ ಚನ್ನಬಸವಣ್ಣನ ಸ್ಟುಡಿಯೋಕ್ಕೆ ಸಾವುಕಾರರೇ ಬಂದರು. ಬಿಸಿಲು ತಾಗಿದ ಫೋಟೋಗಳೆಲ್ಲ ಕೆಟ್ಟುಹೋಗಿ, ಉಳಿದದ್ದು ಒಂದೇ ಒಂದು, ರೀಲಿನ ಒಳಸುತ್ತಿನಲ್ಲಿದ್ದ ಮೊದಲಿನದು. ಭುವನೇಶ್ವರಿಯ ಪಟ ಸ್ಪಷ್ಟವಾಗಿತ್ತು. ಮೋಟಾರು ಅಂಚಿನಿಂದ ಅಂಚಿಗೆ ಹೊಳೆಯುತ್ತಿತ್ತು. ಕಿಟಕಿಯಲ್ಲಿ ಹುಬ್ಬಿನ ಕಲೆಯೂ ಕಾಣುವಂತೆ ಶೇಖಸಾಬ ಕೂತಿದ್ದ. ಮುಂದೆ ನೆಲದ ಮೇಲೆ, ತಲೆಯ ಮೇಲೆ ಸೆರಗು ಹೊದ್ದು ಎರಡು ಮೊಣಕೈ ಚಾಚಿದ ಹೆಂಗಸಿನ ನೆರಳು.

ಸಾವುಕಾರರು ಬಹಳ ಹೊತ್ತು ನೋಡಿದರು. ಇದನ್ನು ಯಾರು ತೆಗೆದದ್ದು ಎಂದು ಕೇಳಿದರು. ನಮ್ಮ ಮನೆಯಾಕೆ ಎಂದ ಶೇಖಸಾಬ. ಅವರು ಚನ್ನಬಸವಣ್ಣನ ಕಡೆ ತಿರುಗಿ ದನಿ ತಗ್ಗಿಸಿದರು.

"ಇವನೊಬ್ಬನ್ನ ಅಳಿಸಾಕ ಬರತೈತೇನು?"

"ಬರತೈತ್ರಿ," ಎಂದ ಚನ್ನಬಸವಣ್ಣ, ಕೈ ಒರೆಸಿಕೊಳ್ಳುತ್ತ. "ಆದ್ರ ಸಾವ್ಕಾರ್ರ, ಮೋಟಾರ ತನ್ನಷ್ಟಕ್ಕ ತಾನ ಹೊಂಟಂಗ ಕಾಣತೈತಿ. ನೋಡಿದ ಮಂದಿ, ನಡಸಾಂವ ಎಲ್ಲ್ಯದಾನ ಅಂತ ಕೇಳತಾರ."

ಶೇಖಸಾಬ ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಕಿವಿ ಇಲ್ಲವೇನೋ ಎಂಬಂತೆ ಸಾವುಕಾರರು ಇಷ್ಟೂ ಮಾತಾಡಿದ್ದರು. ಹುಬ್ಬಳ್ಳಿಯ ಕಲ್ಲು ಇಷ್ಟು ನೋಯಿಸಿರಲಿಲ್ಲ.

ಕೊನೆಗೆ ಫೋಟೋ ಇದ್ದಂತೆಯೇ ಕಟ್ಟು ಹಾಕಿಸಿಕೊಂಡು ಬಂದು ಅಂಗಡಿಯ ಗೋಡೆ ಏರಿತು. ಕೆಳಗಿನ ಮೊಳೆಗೆ ಎಂದಿನಂತೆ ಮೋಟಾರಿನ ಕೀಲಿ. ಫೋಟೋದಲ್ಲಿ ದೇವಿ ಇದ್ದಾಳಲ್ಲ, ಅದಕ್ಕೆ ದಿನಾ ಮುಂಜಾನೆ ಗುಮಾಸ್ತ ಚೆಂಡುಹೂವಿನ ಹಾರ ಹಾಕತೊಡಗಿದ. ಮೊದಲ ದಿನವೇ ಶೇಖಸಾಬ ಗಮನಿಸಿದ. ಹಾರ ನಡುವೆ ಇರಲಿಲ್ಲ. ಒಂದು ಕಡೆಗೆ ಎಳೆದು, ಸರಿಯಾಗಿ ಡ್ರೈವರನ ಕಿಟಕಿಯ ಮೇಲೆ ಇಳಿಬಿಟ್ಟಿದ್ದರು. ಹಿಂಗ್ಯಾಕೆ ಎಂದು ಕೇಳಿದರೆ, ಸಾವುಕಾರರು ಹೀಗೇ ಹಾಕು ಎಂದಿದ್ದಾರೆ ಎಂದು ಹೇಳಿ ಗುಮಾಸ್ತ ನೆಲ ನೋಡಿದ.

ಸಾವುಕಾರರು ಗಾದಿಯ ಮೇಲೆ ಪತ್ರಿಕೆ ಓದುತ್ತಿದ್ದರು. ಶೇಖಸಾಬ ಗೋಡೆಯ ಹತ್ತಿರ ಹೋಗಿ, ಎರಡು ಬೆರಳಿನಿಂದ ಹಾರವನ್ನು ಪಕ್ಕಕ್ಕೆ ಸರಿಸಿದ. ಕಿಟಕಿ ಕಂಡಿತು. ಮೋತಿಬಿಯ ನೆರಳಿನ ತನಕ ಹಾರ ಮುಟ್ಟಿರಲೇ ಇಲ್ಲ. ಪತ್ರಿಕೆಯ ಹಾಳೆ ಸದ್ದು ಮಾಡಿತು.

ಮರುದಿನ ಹಾರ ಮತ್ತೆ ಕಿಟಕಿಯ ಮೇಲಿತ್ತು. ಶೇಖಸಾಬ ಮತ್ತೆ ಸರಿಸಿದ, ಕೆಳಗಿನ ಮೊಳೆಯಿಂದ ಕೀಲಿ ತೆಗೆದುಕೊಂಡು ಅಂಗಳಕ್ಕೆ ನಡೆದ.